ಅಪ್‌ಡೇಟ್: ಶಿಲಾಯುಗದ ಮಕ್ಕಳ ಕತೆಗೆ ದಾರಿ ಸಿಕ್ಕಿತು

ನವಶಿಲಾಯುಗದ (ಕಲ್ಲಿನ ಆಯುಧ ಬಳಸುತ್ತಲೇ ಬೇಸಾಯ ಶುರು ಮಾಡಿದ ಕಾಲ) ಹುಡುಗನ ಕತೆ ಬರೀಬೇಕು, ವಿವರ ಎಲ್ಲಿ ಸಿಗುತ್ತೆ ಅಂತ ಹೋದ ವಾರ ಕೇಳಿದ್ದೆ. ಸಿನಿಮಾ ನೋಡಿ ಅಂದಿದ್ರಿ, ಅದು ಉಪಯೋಗಕ್ಕೆ ಬರಲಿಲ್ಲ. ಅದರಲ್ಲಿ ಮನುಷ್ಯರ ಜೊತೆ ಡೈನೋಸಾರ್ ಓಡಾಡುತ್ತವೆ! ಅವು ಅಳಿದು 6.6 ಕೋಟಿ ವರ್ಷ ಆಯ್ತಲ್ವಾ.

ಬಳ್ಳಾರಿ ಪಕ್ಕದ, ನವಶಿಲಾಯುಗದ ಜನ ಬಾಳಿದ ಸಂಗನಕಲ್ಲು ಗುಡ್ಡ ಹತ್ತಿ ಅಂದವರಿಗೆ ದೊಡ್ಡ ನಮಸ್ಕಾರ. ಬೆಳಗ್ಗೆಯೇ ಮಗಳ ಜೊತೆ ಹೋದೆ. ಕಪ್ಪು ಬಂಡೆ ಮೇಲೆ ಉದ್ದ ಕೊಂಬಿನ ದನಗಳನ್ನು ಕುಟ್ಟಿ ಕುಟ್ಟಿ ಮೂಡಿಸಿದ್ದಾರೆ. ಕೆಲವು ಬಂಡೆಗಳಲ್ಲಿ ಸಣ್ಣ ಗುಳಿಗಳಿವೆ. ಕಲ್ಲಿನಿಂದ ಬಡಿದರೆ ಗಂಟೆಯ ಹಾಗೆ ದನಿ ಕೊಡುವ ಕಲ್ಲುಗಳಂತೆ ಅವು. ನಾವು ಬಡಿಯಲಿಲ್ಲ, ಸವೆದುಹೋಗಬಾರದು. ಆ ದನಿಯೇ ಈಗ ಕತೆಯ ಶುರು.

ಬಳ್ಳಾರಿ ಊರಿನಲ್ಲಿರುವ ರಾಬರ್ಟ್ ಬ್ರೂಸ್ ಫೂಟ್ (ಶಿಲಾಯುಗದ ಕುರುಹು ಹುಡುಕಿದ ಭೂವಿಜ್ಞಾನಿ) ಮ್ಯೂಸಿಯಂ ಕೂಡ ನೋಡಿ, ಕಲ್ಲಿನ ಕೊಡಲಿಗಳಿವೆ.

ಆಮೇಲೆ ಓದಿದಾಗ ಬೆಚ್ಚಿಬಿದ್ದೆ: ನನ್ನ ಕತೆಯ ಹುಡುಗ ಜೋಳದ ರೊಟ್ಟಿ, ಮೆಣಸಿನಕಾಯಿ ಚಟ್ನಿ ತಿನ್ನುತ್ತಿದ್ದ! ಆಗ ಇಲ್ಲಿ ಬೆಳೆಯುತ್ತಿದ್ದದ್ದು ಹುರುಳಿ, ಹೆಸರಿನಂಥ ಕಾಳು, ಕೊರಲೆಯಂಥ ಕಿರುಧಾನ್ಯ. ಊಟದ ಪುಟ ಪೂರ್ತಿ ಬದಲಾಯಿಸಿದೆ.