‘ಓವರ್’ಗೆ ಎಷ್ಟು ಅರ್ಥ ಮಾರಾಯ್ರೆ? ಬಲ್ಲವರು ಹೇಳಿ

ಕುಮಟಾ ಅಕ್ಕೋರು:
ಮನೆಯಲ್ಲಿ ಹತ್ತನೇ ಕ್ಲಾಸಿನ ಮಕ್ಕಳಿಗೆ ಇಂಗ್ಲಿಷ್ ಟ್ಯೂಷನ್ ಹೇಳ್ತೇನೆ. ಮೊನ್ನೆ ಒಬ್ಬ ಹುಡುಗ ‘ದೇರ್ ಈಸ್ ಎ ಬ್ರಿಡ್ಜ್ ಎಬೋವ್ ದ ಕಾಳಿ’ ಅಂತ ಬರೆದಿದ್ದ. ಕಾಳಿ ಅಂದ್ರೆ ಕಾರವಾರದ ಹೊಳೆ. ‘ಎಬೋವ್’ ಹೊಡೆದು ‘ಓವರ್’ ಮಾಡಿದೆ. ಅವನಪ್ಪನ ಫೋನು ಬಂತು: ಎರಡಕ್ಕೂ ‘ಮೇಲೆ’ ಅಂತಲೇ ಅರ್ಥ ಅಲ್ವಾ, ಎಂತಕ್ಕೆ ಅಂಕ ಕಳೆದ್ರಿ? ನನ್ನ ಅಭಿಪ್ರಾಯ ಇಷ್ಟೇ. ಓವರ್‌ಗೆ ಇಂಥದ್ದೇ ಅಂತ ಒಂದು ಅರ್ಥ ಇಲ್ಲವೇ ಇಲ್ಲ. ಹೊಳೆಗೆ ಕಟ್ಟಿದ ಸೇತುವೆಗೂ ಓವರ್, ಸಿನಿಮಾ ಮುಗಿದರೂ ಓವರ್. ಫೋನಲ್ಲಿ ಮಾತಾಡಿದರೆ ಓವರ್ ದ ಫೋನ್, ಚಾ ಕುಡೀತಾ ಮಾತಾಡಿದರೆ ಓವರ್ ಟೀ, ಅಣ್ಣತಮ್ಮ ಗದ್ದೆಗೆ ಹೊಡೆದಾಡಿದರೆ ಅದೂ ಫೈಟ್ ಓವರ್ ಲ್ಯಾಂಡ್. ಬಾಯಿಪಾಠ ಮಾಡಿಸೋದೊಂದೇ ದಾರಿ. ಬೇರೆ ದಾರಿ ಇದ್ರೆ ತೋರಿಸಿ ನೋಡುವಾ.

ಅಂಕೋಲೆ ಇಶಾಡು:
ಅಕ್ಕೋರೇ, ‘ಬಾಯಿಪಾಠ’ ಅಂದ್ರಲ್ಲ, ನಮ್ಮ ಮಕ್ಕಳು ಇಂಗ್ಲಿಷ್ ಅಂದ್ರೆ ಹೆದರೋದು ಅದಕ್ಕೇ. ಈ ಒಂದೇ ಪದದ ಮೇಲೆ ಕ್ಲಾಡಿಯಾ ಬ್ರುಗ್‌ಮನ್ ಎಂಬವರು 1981ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಎಂ.ಎ. ಪ್ರಬಂಧ ಬರೆದರು. 1987ರಲ್ಲಿ ಭಾಷಾವಿಜ್ಞಾನಿ ಜಾರ್ಜ್ ಲೇಕಾಫ್ ಅದನ್ನು ಇನ್ನೂ ಬೆಳೆಸಿದರು. ಅರ್ಥಗಳು ಚೆಲ್ಲಾಪಿಲ್ಲಿ ಬಿದ್ದಿಲ್ಲ, ಒಂದರ ಹೊಟ್ಟೆಯಿಂದ ಇನ್ನೊಂದು ಬಂದಿದೆ ಅನ್ನೋದು ಅವರ ವಾದ. ನಡುವಿನ ಚಿತ್ರ ಇದು: ಒಂದು ವಸ್ತು ಇನ್ನೊಂದರ ನೆತ್ತಿ ಮೇಲಿಂದ ಈಚೆಯಿಂದ ಆಚೆಗೆ ದಾಟುತ್ತದೆ. ದಾಟುವ ದಾರಿಯನ್ನು ನೋಡಿದರೆ ‘ಅಡ್ಡಲಾಗಿ’. ದಾಟಿ ಮುಟ್ಟಿದ ಜಾಗ ನೋಡಿದರೆ ‘ಆಚೆ’. ದಾಟಿ ಆಯ್ತು ಅಂದರೆ ‘ಮುಗೀತು’. ‘ಸದಾಶಿವಗಡ ಈಸ್ ಓವರ್ ದ ಬ್ರಿಡ್ಜ್’ ಅಂದಾಗ ಗಡ ಸೇತುವೆಯ ತಲೆ ಮೇಲೆ ಕೂತಿದೆ ಅಂತಲ್ಲ, ಸೇತುವೆ ದಾಟಿದರೆ ಸಿಗುತ್ತದೆ ಅಂತ. ‘ಎಬೋವ್’ಗೆ ಈ ದಾಟುವ ಗುಣ ಇಲ್ಲ, ಬರೀ ಎತ್ತರ. ಸಿರಸಿ ಸಮುದ್ರಮಟ್ಟಕ್ಕಿಂತ ಸುಮಾರು 590 ಮೀಟರ್ ‘ಎಬೋವ್’. ಅಲ್ಲಿ ‘ಓವರ್’ ಅಂದ್ರೆ ನಗ್ತಾರೆ. ಆ ಅಪ್ಪನಿಗೆ ಇಷ್ಟು ಹೇಳಿದ್ರೆ ಸಾಕಿತ್ತು.

ಕೋಡಿಬಾಗ್ ಕಿನಾರೆ:
ಸದಾಶಿವಗಡ ಸೇತುವೆಗಿಂತ ಎತ್ತರದಲ್ಲೇ ಇದೆ ಮಾರಾಯ್ರೆ. ಗುಡ್ಡದ ಮೇಲಿನ ಕೋಟೆ ಅದು. ಒಂದ್ಸಲ ಕಾರವಾರಕ್ಕೆ ಬಂದು ಕತ್ತೆತ್ತಿ ನೋಡಿ, ಆಮೇಲೆ ಉದಾಹರಣೆ ಕೊಡಿ.

ಅಂಕೋಲೆ ಇಶಾಡು:
ಎತ್ತರ ಇರಬಹುದು, ನೆತ್ತಿ ಮೇಲಿಲ್ಲ. ನಾನು ಹೇಳಿದ್ದು ಅದನ್ನೇ.

ಕೋಡಿಬಾಗ್ ಕಿನಾರೆ:
ಯಾವ ಸೇತುವೆ ಅಂತಾದ್ರೂ ಹೇಳಿದ್ರಾ? ಕಾಳಿಯ ಹಳೇ ಸೇತುವೆ 2024ರ ಆಗಸ್ಟ್ 7ರಂದು ನಡುರಾತ್ರಿ ಕುಸಿದು ಹೊಳೆಗೆ ಬಿತ್ತು, ಮೇಲಿದ್ದ ಲಾರಿ ಸಮೇತ. ಪುಣ್ಯಕ್ಕೆ ಚಾಲಕ ಬದುಕಿದ. ಪುಸ್ತಕ ಓದಿ ಬರೆಯುವವರಿಗೆ ಎಲ್ಲಾ ಸೇತುವೆಯೂ ಒಂದೇ.

ಹೊನ್ನಾವರ ಪ್ಯಾಸೆಂಜರ್:
ಸೇತುವೆ ಅಂದಿದ್ದಕ್ಕೆ ಬಂದೆ. ರೈಲ್ವೆಯಲ್ಲಿ ‘ರೋಡ್ ಓವರ್ ಬ್ರಿಡ್ಜ್’ ಅಂತೇವೆ, ಹಳಿಯ ಮೇಲಿಂದ ರಸ್ತೆ ದಾಟುವ ಸೇತುವೆ. ಹಳಿಯ ಕೆಳಗೆ ರಸ್ತೆ ಹೋದರೆ ‘ರೋಡ್ ಅಂಡರ್ ಬ್ರಿಡ್ಜ್’. ಇಶಾಡಿನವರ ಲೆಕ್ಕದಲ್ಲಿ ‘ಓವರ್ ದ ಬ್ರಿಡ್ಜ್’ ಅಂದರೆ ಸೇತುವೆಯ ಆಚೆ. ಹಾಗಾದರೆ ರೋಡ್ ಓವರ್ ಬ್ರಿಡ್ಜ್ ಅಂದರೆ ಸೇತುವೆಯ ಆಚೆ ಇರುವ ರಸ್ತೆಯಾ? ಇಲಾಖೆಯ ಕಡತ ಎಲ್ಲಾ ತಪ್ಪಾ?

ಅಂಕೋಲೆ ಇಶಾಡು:
ಅಲ್ಲಿ ‘ಓವರ್’ ಸೇರಿಕೊಂಡಿದ್ದು ಹಳಿಗೆ, ಬ್ರಿಡ್ಜಿಗೆ ಅಲ್ಲ. ಹಳಿ ಅನ್ನೋ ಪದ ಹೆಸರಿನಲ್ಲಿ ಬಿಟ್ಟುಹೋಗಿದೆ ಅಷ್ಟೇ.

ಹೊನ್ನಾವರ ಪ್ಯಾಸೆಂಜರ್:
ಬಿಟ್ಟುಹೋದ ಪದಕ್ಕೆ ಸೇರಿಕೊಳ್ಳುತ್ತದೆ! ಆಯ್ತು ಬಿಡಿ. ಕಡೆಗೆ ಅಕ್ಕೋರು ಹೇಳಿದ್ದೇ ಸರಿ, ಬಾಯಿಪಾಠ.

ತೋಟದ ಮನೆ, ಸಿರಸಿ:
‘ಬರ್ಕ್ಲಿ’ಗೆ ಎಂತಕ್ಕೆ ಹೋಗಬೇಕು? ಓವರ್ ಅಂದರೆ ನಮ್ಮ ಸಂಸ್ಕೃತದ ‘ಉಪರಿ’. ಉಪರಿ, ಉವರಿ, ಓವರ್. ನಾಲ್ಕು ಸಲ ಬಾಯಲ್ಲಿ ಹೇಳಿ ನೋಡಿ, ತಾನಾಗಿ ಬರ್ತದೆ. ನಮ್ಮ ಮಾತನ್ನೇ ಇಂಗ್ಲಿಷರು ತಗೊಂಡು ಹೋಗಿ ನಮ್ಮ ಮಕ್ಕಳ ಅಂಕ ಕಳೀತಿದ್ದಾರೆ.

ಅಂಕೋಲೆ ಇಶಾಡು:
ಉಪರಿಗೂ ಓವರ್‌ಗೂ ಸಂಬಂಧ ಇರೋದು ನಿಜ. ಆದರೆ ಅದು ತಾಯಿ ಮಗಳ ಸಂಬಂಧ ಅಲ್ಲ, ಅಕ್ಕತಂಗಿಯರದ್ದು. ಹಳೆಯ ಇಂಗ್ಲಿಷಿನಲ್ಲಿ ‘ಓಫರ್’, ಜರ್ಮನ್‌ನಲ್ಲಿ ‘ಊಬರ್’, ಗ್ರೀಕಿನಲ್ಲಿ ‘ಹೈಪರ್’, ಲ್ಯಾಟಿನ್‌ನಲ್ಲಿ ‘ಸೂಪರ್’. ಎಲ್ಲಾ ಒಂದೇ ಹಳೇ ಮೂಲದವು. ಸಂಸ್ಕೃತದಲ್ಲಿ ‘ಪ’ ಇದ್ದಲ್ಲಿ ಇಂಗ್ಲಿಷಿನಲ್ಲಿ ‘ಫ’ ಬರೋದು ನಿಯಮ: ಪಿತೃ, ಫಾದರ್. ಪಾದ, ಫುಟ್. ಪಂಚ, ಫೈವ್. ಬ್ರಿಟಿಷರು ಹಡಗು ಹತ್ತಿ ಭಾರತಕ್ಕೆ ಬರುವುದಕ್ಕೆ ಎಷ್ಟೋ ಶತಮಾನ ಮೊದಲೇ ಅವರ ಬಾಯಲ್ಲಿ ಓವರ್ ಇತ್ತು.

ತೋಟದ ಮನೆ, ಸಿರಸಿ:
‘ಪ ಇದ್ದಲ್ಲಿ ಫ ಬರುತ್ತದೆ.’ ಕೈಯಾರೆ ಬರೆದಿದ್ದೀರಿ, ಈಗ ಅಳಿಸಬೇಡಿ. ಪ ಮೊದಲು, ಫ ಆಮೇಲೆ. ಅಂದಮೇಲೆ ಮೂಲ ಯಾವುದಾಯ್ತು?

ಅಂಕೋಲೆ ಇಶಾಡು:
ಗ್ರೀಕಿನ ‘ಹೈಪರ್’ನಲ್ಲೂ ಪ ಇದೆ, ಲ್ಯಾಟಿನ್ನಿನ ‘ಸೂಪರ್’ನಲ್ಲೂ ಪ ಇದೆ. ಹಾಗಾದರೆ ಇಂಗ್ಲಿಷ್ ಗ್ರೀಕಿನಿಂದ ಬಂತಾ? ಹಳೇ ಪ ಅನ್ನು ಈ ಮೂರೂ ಉಳಿಸಿಕೊಂಡವು, ಇಂಗ್ಲಿಷ್ ಜರ್ಮನ್ ಕಡೆಯವು ಬದಲಿಸಿಕೊಂಡವು. ಉಳಿಸಿಕೊಂಡವರೇ ಹೆತ್ತವರು ಅಂತ ಯಾವ ನ್ಯಾಯ?

ತೋಟದ ಮನೆ, ಸಿರಸಿ:
ನಿಮ್ಮ ಇಂಗ್ಲಿಷಿನವನೇ ಹೇಳಿದ್ದಾನಲ್ಲ. ವಿಲಿಯಂ ಜೋನ್ಸ್, 1786, ಕಲ್ಕತ್ತಾ: ಸಂಸ್ಕೃತ ಗ್ರೀಕಿಗಿಂತ ಪರಿಪೂರ್ಣ, ಲ್ಯಾಟಿನ್‌ಗಿಂತ ಸಮೃದ್ಧ. ಅವನು ಕೋರ್ಟಿನ ನ್ಯಾಯಾಧೀಶ. ನಿಮಗಿಂತ ಸ್ವಲ್ಪ ಹೆಚ್ಚೇ ಓದಿದ್ದ.

ಅಂಕೋಲೆ ಇಶಾಡು:
ಅದೇ ಭಾಷಣದಲ್ಲಿ ಸ್ವಲ್ಪ ಮುಂದೆ ಓದಿ. ಈ ಮೂರೂ ಭಾಷೆಗಳು ಯಾವುದೋ ಒಂದೇ ಮೂಲದಿಂದ ಹುಟ್ಟಿರಬೇಕು, ಆ ಮೂಲ ಬಹುಶಃ ಈಗ ಉಳಿದಿಲ್ಲ ಅಂತಾನೆ. ನೀವು ಅರ್ಧಕ್ಕೇ ಪುಸ್ತಕ ಮುಚ್ಚಿಟ್ಟಿದ್ದೀರಿ.

ತೋಟದ ಮನೆ, ಸಿರಸಿ:
‘ಬಹುಶಃ’ ಅಂದನಲ್ಲ. ಅವನಿಗೇ ಖಾತ್ರಿ ಇಲ್ಲ. ಪರಿಪೂರ್ಣ ಅಂದಲ್ಲಿ ‘ಬಹುಶಃ’ ಇಲ್ಲ, ನೋಡಿ.

ಕೋಡಿಬಾಗ್ ಕಿನಾರೆ:
ಉಪರಿಯ ನಿಜವಾದ ಮೊಮ್ಮಗಳು ನಮ್ಮ ಮನೆಯಲ್ಲಿದ್ದಾಳೆ, ನೀವು ಲಂಡನ್ನಿನಲ್ಲಿ ಹುಡುಕ್ತಾ ಇದ್ದೀರಿ. ಕೊಂಕಣಿಯಲ್ಲಿ ‘ಮೇಲೆ’ ಅನ್ನೋದಕ್ಕೆ ಇರುವ ‘ವಯ್ರ್’ ಬಂದಿದ್ದು ಉಪರಿಯಿಂದ. ಮರಾಠಿಯ ‘ವರ್’ ಕೂಡ ಅದೇ.

ತೋಟದ ಮನೆ, ಸಿರಸಿ:
ಶಭಾಷ್! ಕೊಂಕಣಿಯವರೂ ನನ್ನ ಪರ ಬಂದರು.

ಕೋಡಿಬಾಗ್ ಕಿನಾರೆ:
ನಿಮ್ಮ ಪರ ಅಂತ ಎಲ್ಲಿ ಬರೆದೆ? ವಯ್ರ್ ಉಪರಿಯಿಂದ ಬಂತು ಅಂದೆ. ಓವರ್ ಬಂತು ಅನ್ನಲಿಲ್ಲ.

ಬ್ಯಾಟ್ ಮುರಿದವ:
ಎಲ್ಲರೂ ಮುಖ್ಯವಾದ ಓವರನ್ನೇ ಬಿಟ್ಟಿದ್ದೀರಿ. ಆಸ್ಟ್ರೇಲಿಯಾದಲ್ಲಿ 1978–79ರವರೆಗೂ ಓವರಿಗೆ ಎಂಟು ಚೆಂಡು. ಇಂಗ್ಲೆಂಡಿನಲ್ಲಿ ಮೊದಲು ನಾಲ್ಕು, 1889ರಿಂದ ಐದು, 1900ರಿಂದ ಆರು. ಚೆಂಡು ಮುಗಿದ ಮೇಲೆ ಅಂಪೈರ್ ‘ಓವರ್’ ಅಂತ ಕೂಗಿ ಆಚೆ ತುದಿಗೆ ಕಳಿಸ್ತಾನಲ್ಲ, ಆ ಕೂಗೇ ಹೆಸರಾಯ್ತು.

ಕುಮಟಾ ಅಕ್ಕೋರು:
ತಮಾ, ಅದು ನಾಮಪದ ಆಯ್ತು. ಇಲ್ಲಿ ಕೇಳಿದ್ದು ಪ್ರಿಪೊಸಿಷನ್.

ಬ್ಯಾಟ್ ಮುರಿದವ:
ಸಿನಿಮಾ ಓವರ್ ಅಂದಿದ್ದೂ ಪ್ರಿಪೊಸಿಷನ್ ಅಲ್ಲ ಅಕ್ಕೋರೇ. ನೀವು ಹಾಕಿದ್ರೆ ನಡೀತದೆ, ನಾವು ಹಾಕಿದ್ರೆ ವೈಡ್.

ವರದಾ ದಂಡೆ:
ನಿಮ್ಮ ಸಂಸ್ಕೃತ, ಕೊಂಕಣಿ, ಇಂಗ್ಲಿಷಿನ ನಡುವೆ ಕನ್ನಡದ ‘ಮೇಲೆ’ಯನ್ನು ಯಾರಾದರೂ ಕೇಳಿದ್ರಾ? ಗೋಡೆ ಮೇಲೆ ಹಲ್ಲಿ. ಊರ ಮೇಲೆ ವಿಮಾನ. ಮಳೆ ನಿಂತ ಮೇಲೆ ಹೊರಡುವುದು. ಊಟದ ಮೇಲೆ ಎಲೆಯಡಿಕೆ. ಮಗನ ಮೇಲೆ ಪ್ರೀತಿ, ಪಕ್ಕದ ತೋಟದವನ ಮೇಲೆ ಕೇಸು. ನೂರರ ಮೇಲೆ ಹತ್ತು. ಒಂದರ ಮೇಲೊಂದು ರಜೆ. ಇದನ್ನು ಮಕ್ಕಳಿಗೆ ಯಾರೂ ಬಾಯಿಪಾಠ ಮಾಡಿಸಲಿಲ್ಲ. ಇಂಗ್ಲಿಷಿನಲ್ಲಿ ಇಷ್ಟೇ ಅರ್ಥ ಕಂಡರೆ ಪ್ರಬಂಧ, ಕನ್ನಡದಲ್ಲಿ ಕಂಡರೆ ಕೇಳುವವರಿಲ್ಲ. ಮತ್ತು ‘ಮೇಲೆ’ ದ್ರಾವಿಡ ಪದ, ತಮಿಳು ಮಲಯಾಳದಲ್ಲೂ ‘ಮೇಲ್’ ಇದೆ. ಉಪರಿಯ ಹಂಗು ಇಲ್ಲ.

ತೋಟದ ಮನೆ, ಸಿರಸಿ:
‘ಹಂಗು’ ಅಂತ ಯಾಕೆ ಕಹಿ ಮಾತು? ಸಂಸ್ಕೃತ ಬೈದರೆ ಕನ್ನಡ ಬೆಳೀತದಾ?

ವರದಾ ದಂಡೆ:
ಬೈದಿಲ್ಲ. ಹಂಗು ಇಲ್ಲ ಅಂದರೆ ಇಲ್ಲ ಅಂತ ಅಷ್ಟೇ.

ತೋಟದ ಮನೆ, ಸಿರಸಿ:
ನಿಮ್ಮ ಹೆಸರಿನಲ್ಲಿರುವ ‘ವರದಾ’ ಯಾವ ಭಾಷೆ? ಮೊದಲು ಅದನ್ನು ಬದಲಿಸಿಕೊಳ್ಳಿ.

ವರದಾ ದಂಡೆ:
ಹೊಳೆಗೆ ಹೆಸರಿಟ್ಟವ ನಾನಲ್ಲ!! ವಾದ ತೀರಿದಾಗ ಹೆಸರಿಗೆ ಕೈ ಹಾಕುವುದು ನಿಮ್ಮ ಹಳೇ ಚಾಳಿ. ಹಿಂದೆಯೂ ಹೀಗೇ ಮಾಡಿದ್ರಿ, ಕೊನೆಗೆ ಉತ್ತರ ಕೊಡದೆ ಅಡಿಕೆ ಕೊಯ್ಲು ಅಂತ ಹೋದ್ರಿ.

ತೋಟದ ಮನೆ, ಸಿರಸಿ:
ಕೊಯ್ಲು ಇತ್ತು, ಹೋದೆ. ತೋಟ ಇದ್ದವರಿಗೆ ಗೊತ್ತಾಗ್ತದೆ.

ಡೆಸ್ಕಿನವ, ಕಾರವಾರ:
ಸ್ವಲ್ಪ ಉಪಯೋಗಕ್ಕೆ ಬರೋದು ಹೇಳ್ತೇನೆ. ‘ಓವರ್ 50 ಬೋಟ್ಸ್’ ಅಂತ ಬರೆಯಬಾರದು, ‘ಮೋರ್ ದ್ಯಾನ್’ ಅಂತಲೇ ಬರೀಬೇಕು ಅಂತ ಪತ್ರಿಕೆಗಳಲ್ಲಿ ದೊಡ್ಡ ಕಟ್ಟಳೆ ಇತ್ತು. ನ್ಯೂಯಾರ್ಕಿನ ಸಂಪಾದಕ ವಿಲಿಯಂ ಕಲೆನ್ ಬ್ರಯಂಟ್ 19ನೇ ಶತಮಾನದಲ್ಲಿ ಮಾಡಿದ ನಿಷಿದ್ಧ ಪದಗಳ ಪಟ್ಟಿಯ ಪರಿಣಾಮ ಅದು. ಕೊನೆಗೆ 2014ರಲ್ಲಿ ಅಮೆರಿಕದ ಸುದ್ದಿಸಂಸ್ಥೆ ಅಸೋಸಿಯೇಟೆಡ್ ಪ್ರೆಸ್‌ನವರು ಎರಡೂ ನಡೆಯುತ್ತದೆ ಅಂದರು. ಹಳೆಯ ಇಂಗ್ಲಿಷಿನಲ್ಲೇ ಓವರ್‌ಗೆ ‘ಹೆಚ್ಚು’ ಎಂಬ ಅರ್ಥ ಇತ್ತು. ಅಂದರೆ ಅಷ್ಟು ವರ್ಷ ಸುಮ್ಮನೆ ಹೊಡೆದುಹಾಕಿದ್ದು. ಕೆಂಪು ಶಾಯಿ ಕೈಗೆ ಸಿಕ್ಕಿದರೆ ಹೀಗೇ ಆಗ್ತದೆ.

ಕುಮಟಾ ಅಕ್ಕೋರು:
‘ಕೆಂಪು ಶಾಯಿ’ ಅಂದಿದ್ದು ನನಗಾ?

ಡೆಸ್ಕಿನವ, ಕಾರವಾರ:
ಯಾರಿಗೆ ತಾಗ್ತದೋ ಅವರಿಗೆ. ಇನ್ನೊಂದು ಕೇಳಿ, ‘ಓವರ್‌ಸೈಟ್’. ಮೇಲ್ವಿಚಾರಣೆಗೂ ಅದೇ ಪದ, ಕಣ್ತಪ್ಪಿಗೂ ಅದೇ ಪದ. ಸೇತುವೆ ಮೇಲ್ವಿಚಾರಣೆಗೆ ಓವರ್‌ಸೈಟ್ ಕಮಿಟಿ ಅಂತ ವರದಿ ಬಂದರೆ, ಯಾವ ಅರ್ಥ ಅಂತ ಓದುಗರೇ ನಿರ್ಧಾರ ಮಾಡಿಕೊಳ್ಳಲಿ.

ಹೊನ್ನಾವರ ಪ್ಯಾಸೆಂಜರ್:
ನಮ್ಮ ಪಿಡಬ್ಲ್ಯುಡಿಯ ಹಳೇ ಓವರ್ಸಿಯರುಗಳೂ ಅದೇ ಕುಲದವರು. ಅವರು ಮೇಲೆ ನಿಂತು ನೋಡುವವರಾ, ನೋಡದೆ ದಾಟಿ ಹೋಗುವವರಾ?

ಡೆಸ್ಕಿನವ, ಕಾರವಾರ:
ನಿಮ್ಮ ಇಲಾಖೆ ಬಗ್ಗೆ ನೀವೇ ಹೇಳಬೇಕು.

ಹೊನ್ನಾವರ ಪ್ಯಾಸೆಂಜರ್:
ನಮ್ಮದು ರೈಲ್ವೆ. ಪಿಡಬ್ಲ್ಯುಡಿ ಅಲ್ಲ. ವರದಿ ಮಾಡುವವರು ಇಷ್ಟಾದರೂ ತಿಳ್ಕೊಳ್ಳಿ.

ಅಂಕೋಲೆ ಇಶಾಡು:
ಓವರ್‌ಸೈಟಿಗೂ ನನ್ನ ಚಿತ್ರವೇ ಉತ್ತರ. ನೋಟ ಒಂದು ವಸ್ತುವಿನ ಮೇಲೆಲ್ಲಾ ಹಾದು ಬಂದರೆ ಮೇಲ್ವಿಚಾರಣೆ. ಅದೇ ನೋಟ ಮುಟ್ಟದೆ ಆಚೆ ಹಾರಿಹೋದರೆ ಕಣ್ತಪ್ಪು. ಓವರ್ ಟೀ ಅನ್ನುವಾಗಲೂ ಇಬ್ಬರ ಮಾತು ಕಪ್ಪಿನ ಮೇಲಿಂದ ಆಚೀಚೆ ಹೋಗ್ತದೆ, ಅಷ್ಟು ಹೊತ್ತು ಅಂತ ಅರ್ಥ ಬಂತು. ನಾಲ್ಕು ಗೆರೆ ಎಳೆದು ತೋರಿಸಿದರೆ ಹತ್ತನೇ ಕ್ಲಾಸಿನ ಮಕ್ಕಳಿಗೂ ತಿಳೀತದೆ.

ಕುಮಟಾ ಅಕ್ಕೋರು:
ಗೆರೆ ಎಳೆದು ‘ಓವರ್ ದ ಫೋನ್’ ತೋರಿಸಿ. ಫೋನಿನ ನೆತ್ತಿ ಮೇಲಿಂದ ಎಂತ ದಾಟ್ತದೆ? ನಿಮ್ಮ ಬರ್ಕ್ಲಿಯವರು ಪರೀಕ್ಷೆ ಹಿಂದಿನ ದಿನ ಮೂವತ್ತು ಮಕ್ಕಳನ್ನು ಎದುರಿಗೆ ಕೂರಿಸಿಕೊಂಡಿದ್ದಾರಾ?

ಅಂಕೋಲೆ ಇಶಾಡು:
ತಂತಿಯ ಮೇಲಿಂದ ಮಾತು ದಾಟ್ತದೆ.

ಕುಮಟಾ ಅಕ್ಕೋರು:
ಈಗ ತಂತಿ ಎಲ್ಲುಂಟು?

ಕೋಡಿಬಾಗ್ ಕಿನಾರೆ:
ಅಕ್ಕೋರೇ, ಕೊಂಕಣಿ ಮಾತಾಡುವ ಮಕ್ಕಳಿದ್ರೆ ನಿಮ್ಮ ಅರ್ಧ ಕೆಲಸ ಹಗುರ. ಮೇಜಿಗೆ ತಾಗಿ ಕೂತ ಲೋಟಕ್ಕೆ ‘ಮೇಜಾರ್’ ಅಂತೇವೆ. ಮೇಜಿನ ಮೇಲ್ಗಡೆ ತಿರುಗುವ ಫ್ಯಾನಿಗೆ ‘ವಯ್ರ್’. ಇಂಗ್ಲಿಷಿನ ಆನ್‌ಗೂ ಓವರ್‌ಗೂ ಹೆಚ್ಚುಕಡಿಮೆ ಇದೇ ವ್ಯತ್ಯಾಸ. ಕನ್ನಡದಲ್ಲಿ ಎರಡಕ್ಕೂ ‘ಮೇಲೆ’, ಅದಕ್ಕೇ ಗೊಂದಲ.

ವರದಾ ದಂಡೆ:
ಗೊಂದಲ ಕನ್ನಡದ್ದಾ? ‘ಮೇಲ್ಗಡೆ’ ಅಂತ ನೀವೇ ಈಗ ಬರೆದ್ರಿ, ಅದು ಯಾವ ಭಾಷೆ?

ಅಂಕೋಲೆ ಇಶಾಡು:
ಮೇಜಾರ್ ಉದಾಹರಣೆ ಚೆನ್ನಾಗಿದೆ. ಆದರೆ ‘ಎ ಕ್ಲಾತ್ ಓವರ್ ದ ಟೇಬಲ್’ ಅಂದಾಗ ಬಟ್ಟೆ ಮೇಜಿಗೆ ತಾಗಿಯೇ ಇರ್ತದೆ. ಓವರ್ ಅಂದ ಕೂಡಲೇ ಅಂತರ ಅಂತಲ್ಲ. ಅಲ್ಲಿ ಹೊದಿಕೆ ಮುಖ್ಯ.

ಕೋಡಿಬಾಗ್ ಕಿನಾರೆ:
ಅದಕ್ಕೇ ‘ಹೆಚ್ಚುಕಡಿಮೆ’ ಅಂದೆ. ಓದದೇ ಬರೀತೀರಾ?

ತೋಟದ ಮನೆ, ಸಿರಸಿ:
ಒಂದು ಪಟ್ಟಿ ಮಾಡಿ ಅಕ್ಕೋರೇ, ಮಕ್ಕಳಿಗೆ ಕೊಡಿ. ಮೊದಲು ಉಪರಿ, ಕೆಳಗೆ ವಯ್ರ್, ಅದರ ಕೆಳಗೆ ಓವರ್.

ಅಂಕೋಲೆ ಇಶಾಡು:
ಕೆಳಗೆ ಅಲ್ಲ. ಓವರ್ ಬರಬೇಕಾದ್ದು ಉಪರಿಯ ಪಕ್ಕದಲ್ಲಿ.

ತೋಟದ ಮನೆ, ಸಿರಸಿ:
ಪಕ್ಕ ಅಂದರೆ ಎಡಗಡೆಯಾ, ಬಲಗಡೆಯಾ? ಅದನ್ನಾದರೂ ಖಾತ್ರಿ ಹೇಳಿ.