ಅಪ್‌ಡೇಟ್: ಸವಳು ಮಣ್ಣಿನ ಪೋಸ್ಟರ್ ಕೊನೆಗೆ ಹೀಗಾಯ್ತು

ಸಿಂಧನೂರು ಕಡೆಯ ಭತ್ತದ ಗದ್ದೆಗಳ ಸವಳಿನ ವರದಿ ಹನ್ನೆರಡು ಪುಟ ಇದೆ, ರಾಯಚೂರಿನ ವಿದ್ಯಾರ್ಥಿ ಸಮ್ಮೇಳನಕ್ಕೆ ಅದನ್ನ ಒಂದೇ ಹಾಳೆಗೆ ಹೆಂಗ ಇಳಿಸೋದು ಅಂತ ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಶರಣು.

ಹಾಳೆ ಎ0, 841×1189 ಮಿ.ಮೀ. ಶೀರ್ಷಿಕೆ 90 ಪಾಯಿಂಟ್, ಉಪಶೀರ್ಷಿಕೆ 44, ಒಳಗಿನ ಬರಹ 28. ‘ಸವಳು ಮಣ್ಣಿನ ಅಧ್ಯಯನ’ ಅನ್ನೋ ಶೀರ್ಷಿಕೆ ಹೋಗಿ ‘ತಗ್ಗಿನ ಗದ್ದೆಯಲ್ಲೇ ಸವಳು ಹೆಚ್ಚು’ ಬಂತು. ಫಲಿತಾಂಶ ದೂರದಿಂದಲೇ ತಿಳಿಯಬೇಕು. ಮೂರು ಕೋಷ್ಟಕಗಳ ಬದಲು ಒಂದೇ ಸ್ತಂಭ ನಕ್ಷೆ. ಲವಣಯುಕ್ತ ಮಣ್ಣಿನ ಮಿತಿಯಾದ 4 ಡೆಸಿಸೀಮನ್ಸ್/ಮೀಟರ್ (ಮಣ್ಣಿನ ನೀರು ಎಷ್ಟು ವಿದ್ಯುತ್ ಹರಿಸುತ್ತೆ ಅನ್ನೋ ಅಳತೆ; ಉಪ್ಪು ಹೆಚ್ಚಿದಷ್ಟೂ ಇದೂ ಹೆಚ್ಚು) ಬಳಿ ಅಡ್ಡಗೆರೆ ಎಳೆದರೆ ವಿವರಣೆಯೇ ಬೇಡ. ಕೆಂಪು-ಹಸಿರು ಜೋಡಿ ಕೆಲವರಿಗೆ ಬೇರೆ ಬೇರೆಯಾಗಿ ಕಾಣಲ್ಲ, ನೀಲಿ-ಕಿತ್ತಳೆ ಹಾಕಿ.

ಹೆಚ್ಚು ಕಾಡೋದು ಕನ್ನಡ ಅಕ್ಷರ. ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನ ಕಡತ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಗುರುತುಗಳಾಗುತ್ತೆ. ಯೂನಿಕೋಡ್‌ಗೆ ಬದಲಿಸಿ, ಫಾಂಟ್ ಸೇರಿಸಿದ ಪಿಡಿಎಫ್ ಮಾತ್ರ ಕೊಡಿ. ಸಾಲಿನ ಅಂತರ 1.4 ಇರಲಿ. ಕಡಿಮೆಯಾದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಗುಡಿಸಿಗೆ ತಾಗುತ್ತೆ.

20 ಸೆಂ.ಮೀ. ಅಗಲದ ಫೋಟೋಗೆ ಸುಮಾರು 1200 ಪಿಕ್ಸೆಲ್ ಬೇಕು (150 ಡಿಪಿಐ, ಅಂದರೆ ಇಂಚಿಗೆ 150 ಚುಕ್ಕಿ). ವಾಟ್ಸಾಪಿನಲ್ಲಿ ಫೋಟೋ ಆಗಿ ಕಳಿಸಿದರೆ ಅದು ಕುಗ್ಗುತ್ತೆ, ಡಾಕ್ಯುಮೆಂಟ್ ಆಗಿ ಕಳಿಸಿ.

ಮೊದಲು ಎ4ನಲ್ಲಿ ಪ್ರಿಂಟ್ ತೆಗೆಯಿರಿ. ಅಲ್ಲಿ 28 ಪಾಯಿಂಟ್ ಬರೀ 7 ಆಗುತ್ತೆ; ಕೈಯಲ್ಲಿ ಹಿಡಿದು ಓದಲಾಗದಿದ್ದರೆ ಬರಹ ಕಡಿಮೆ ಮಾಡಿ, ಅಕ್ಷರ ದೊಡ್ಡದು ಮಾಡಿ. ಫ್ಲೆಕ್ಸ್ ಬೇಡ, ಸಣ್ಣ ಅಕ್ಷರ ಒಡೆಯುತ್ತೆ, ಟ್ಯೂಬ್‌ಲೈಟ್ ಬೆಳಕಿಗೆ ಹೊಳೆಯುತ್ತೆ. ಮ್ಯಾಟ್ ಕಾಗದವೇ ಸರಿ.