ವಾರದ ಚಾರ್ಟ್ ನೋಡಿ ಇಂಡೀ ಆಲ್ಬಮ್ ಹುಡುಕೋದು ಹೇಗೆ?

ಡೊಂಬಿವಲಿ ಲೋಕಲ್: ಇಂಡೀ, ಅಂದ್ರೆ ದೊಡ್ಡ ಸಂಗೀತ ಕಂಪನಿಗಳ ಹಂಗಿಲ್ಲದ, ಪಾಪ್-ರಾಕ್ ಬೇಕು. ಅಮೆರಿಕದ ವಾರದ ಆಲ್ಬಮ್ ಪಟ್ಟಿ ಬಿಲ್‌ಬೋರ್ಡ್ 200 ತೆಗೆದರೆ ಬರೀ ದೊಡ್ಡ ಹೆಸರುಗಳೇ. ಹೊಸ ಬ್ಯಾಂಡ್‌ಗೆ ಯಾವ ಪಟ್ಟಿ ನೋಡಬೇಕು?

ಮಾಟುಂಗಾ ಮಾಣಿ: ಬ್ರಿಟನ್ನಿನ ಅಫಿಶಿಯಲ್ ಚಾರ್ಟ್ಸ್‌ನಲ್ಲಿ ‘ಇಂಡಿಪೆಂಡೆಂಟ್ ಆಲ್ಬಮ್ ಬ್ರೇಕರ್ಸ್’ ನೋಡಿ. ಮುಖ್ಯ ಪಟ್ಟಿಯ ಮೊದಲ 20ರೊಳಗೆ ಇನ್ನೂ ಬಾರದವರಿಗೆ ಮಾತ್ರ ಅದರಲ್ಲಿ ಜಾಗ. ಶುಕ್ರವಾರದಿಂದ ಗುರುವಾರದವರೆಗಿನ ಲೆಕ್ಕ, ನಮಗೆ ಶುಕ್ರವಾರ ರಾತ್ರಿ ಸಿಗುತ್ತೆ. ಆದರೆ ಮೊದಲ ವಾರದ ಸ್ಥಾನ ನಂಬಬೇಡಿ ಮಾರಾಯ್ರೆ. ತಿಂಗಳುಗಟ್ಟಲೆ ಮುಂಗಡ ಬುಕ್ ಆದ ಎಲ್‌ಪಿ (ವಿನೈಲ್ ತಟ್ಟೆ), ಸಿಡಿ ಎಲ್ಲ ಬಿಡುಗಡೆಯ ವಾರಕ್ಕೇ ಜಮಾ ಆಗುತ್ತವೆ. ಮರುವಾರ ಎಷ್ಟೋ ಆಲ್ಬಮ್ ಮಾಯ. ಮೂರನೇ ವಾರವೂ ಉಳಿದದ್ದನ್ನು ಕೇಳಿ.

ಕೊಥ್ರೂಡ್ ಕಿವಿ: ಅದೊಂದೇ ಅಳತೆ ಸಾಲದು. ಸಣ್ಣ ಲೇಬಲ್‌ನ (ಸಂಗೀತ ಕಂಪನಿಯ) ಎಲ್‌ಪಿ ಸ್ಟಾಕ್ ಮುಗಿದರೂ ಸ್ಥಾನ ಕುಸಿಯುತ್ತೆ. ಸ್ಟ್ರೀಮಿಂಗ್ ಅದನ್ನು ತುಂಬಲಾರದು: ಉದಾಹರಣೆಗೆ ಬಿಲ್‌ಬೋರ್ಡ್ 2018ರಲ್ಲಿ ತಂದ ನಿಯಮದಲ್ಲಿ ಒಂದು ಆಲ್ಬಮ್ ಮಾರಾಟಕ್ಕೆ 1,250 ಚಂದಾ ಸ್ಟ್ರೀಮ್ ಸಮವಾಗಿತ್ತು, ಜಾಹೀರಾತಿನದ್ದಾದರೆ 3,750; 2026ರ ಜನವರಿಯಿಂದ ಅದು 1,000 ಮತ್ತು 2,500. ಈಗಲೂ ನೂರು ಎಲ್‌ಪಿಗೆ 1,00,000 ಚಂದಾ ಸ್ಟ್ರೀಮ್ ಬೇಕಾಯ್ತಲ್ಲ!

ಡೊಂಬಿವಲಿ ಲೋಕಲ್: ಬಿದ್ದುಹೋದವನ್ನು ಹುಡುಕೋದು?

ಮಾಟುಂಗಾ ಮಾಣಿ: ಹಳೇ ತಾರೀಕಿನ ಪಟ್ಟಿಗಳು ಅಫಿಶಿಯಲ್ ಚಾರ್ಟ್ಸ್‌ನಲ್ಲೇ ಇವೆ. ಸಿಂಗಲ್ (ಬಿಡಿಯಾಗಿ ಹೊರಬಂದ ಹಾಡು) ಬಿಟ್ಟು ಆಲ್ಬಮ್‌ನ ಐದು, ಆರನೇ ಹಾಡು ಮೊದಲು ಕೇಳಿ. ಸತ್ವ ಅಲ್ಲಿ ಗೊತ್ತಾಗುತ್ತೆ.